ಅಮೆರಿಕದ ಫಿಲಿಪಿನೊ ಸ್ತ್ರೀಯರು ಮತ್ತು ಋತುಬಂಧದ ಸಂಧಿಕಾಲ: ಒಂದು ಐತಿಹಾಸಿಕ ಪರಿಶೀಲನೆ

೧

ವಲಸೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಡಗನ್ನೇರಿದವರ ಸಂಖ್ಯೆಯನ್ನೂ, ಅವರು ದುಡಿದ ತೋಟ ಕಾರ್ಖಾನೆಗಳನ್ನೂ, ಅವರನ್ನು ಬರಮಾಡಿಕೊಂಡ ಇಲ್ಲವೆ ತಡೆದು ನಿಲ್ಲಿಸಿದ ಶಾಸನಗಳನ್ನೂ ವಿಚಾರಿಸುತ್ತಾರೆ. ಹಾಗೆ ಬಂದವರು ಹೊಸ ನಾಡಿನಲ್ಲಿ ಹೇಗೆ ಮಧ್ಯವಯಸ್ಸನ್ನು ಮುಟ್ಟಿದರು, ಆ ವಯಸ್ಸಿನ ದೇಹಧರ್ಮಗಳನ್ನು ಹೇಗೆ ಅನುಭವಿಸಿದರು, ಅವರ ಮಾತನ್ನು ಯಾರು ಕೇಳಿ ಬರೆದಿಟ್ಟರು ಎಂಬ ಪ್ರಶ್ನೆಗಳು ಚರಿತ್ರೆಯ ಗ್ರಂಥಗಳಲ್ಲಿ ವಿರಳವಾಗಿವೆ. ವಿಷಯವು ಸ್ತ್ರೀಯರ ದೇಹಕ್ಕೆ ಸಂಬಂಧಿಸಿದ್ದಾದರೆ ಆ ವಿರಳತೆ ಇನ್ನೂ ಹೆಚ್ಚು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿದ ಫಿಲಿಪಿನೊ ಸ್ತ್ರೀಯರು, ಅಂದರೆ ತಮ್ಮ ನಾಡಿನ ಮಾತಿನಲ್ಲಿ ‘ಫಿಲಿಪಿನಾ’ ಎನಿಸಿಕೊಳ್ಳುವವರು, ಮುಟ್ಟು ನಿಲ್ಲುವ ಕಾಲವನ್ನು ಹೇಗೆ ಹಾದುಹೋದರು ಎಂಬುದರ ದಾಖಲೆ ಏಕೆ ಇಷ್ಟು ತೆಳುವಾಗಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ಕೊನೆಯ ಮುಟ್ಟಿನ ದಿನವನ್ನು ವೈದ್ಯರು ಋತುಬಂಧವೆಂದು ಎಣಿಸುತ್ತಾರೆ. ಅದಕ್ಕೆ ಮುಂಚಿನ ಕೆಲವು ವರ್ಷಗಳನ್ನೂ ಅನಂತರದ ಒಂದು ವರ್ಷವನ್ನೂ ಒಳಗೊಂಡ ಅವಧಿಯನ್ನು ಅವರು ‘ಪೆರಿಮೆನೋಪಾಸ್’ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ‘ಸಂಧಿಕಾಲ’ ಎಂದು ಕರೆಯುತ್ತೇವೆ. ೨೦೦೧ರಲ್ಲಿ ತಜ್ಞರ ಗೋಷ್ಠಿಯೊಂದು ಈ ಅವಧಿಯ ಹಂತಗಳನ್ನು ಗೊತ್ತುಪಡಿಸಿತು. ೨೦೧೧ರಲ್ಲಿ ಅದು ಪರಿಷ್ಕೃತವಾಯಿತು. ಅದರಂತೆ, ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿಗೆ ಇರುವ ಅಂತರವು ಏಳು ದಿನ ಅಥವಾ ಹೆಚ್ಚು ಏರುಪೇರಾಗುತ್ತ ಬಂದರೆ ಅದು ಮೊದಲ ಹಂತ. ಅರವತ್ತು ದಿನ ಅಥವಾ ಹೆಚ್ಚು ಕಾಲ ಮುಟ್ಟು ಬಾರದೆ ಹೋಗತೊಡಗಿದರೆ ಅದು ಎರಡನೆಯ ಹಂತ. ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಎಂಬ ರಸವು ಈ ಕಾಲದಲ್ಲಿ ಕ್ರಮವಾಗಿ ಇಳಿಯದೆ ಅಡ್ಡಾದಿಡ್ಡಿಯಾಗಿ ಏರುತ್ತ ಇಳಿಯುತ್ತ ಹೋಗುತ್ತದೆ. ಒಮ್ಮೆಲೆ ಎದೆಗೂ ಮುಖಕ್ಕೂ ಏರುವ ಬಿಸಿ, ರಾತ್ರಿ ಬೆವರುವುದು, ನಿದ್ರಾಭಂಗ, ಮನಸ್ಸಿನ ಅಸ್ಥಿರತೆ, ಕೀಲುಗಳ ನೋವು ಇವು ಅನೇಕರಲ್ಲಿ ಕಾಣಿಸಿಕೊಳ್ಳುತ್ತವೆ. ಇದು ರೋಗವಲ್ಲ, ಆದರೆ ಮುಂದಿನ ಆಯುಷ್ಯದ ಆರೋಗ್ಯಕ್ಕೆ ಸಂಬಂಧಿಸಿದ ಬದಲಾವಣೆಗಳು ಈ ಅವಧಿಯಲ್ಲಿಯೇ ನಡೆಯುವುದರಿಂದ ಇದನ್ನು ಕಡೆಗಣಿಸುವಂತೆಯೂ ಇಲ್ಲ.

೨

ಫಿಲಿಪೈನ್ಸ್ ದ್ವೀಪಗಳು ೧೮೯೮ರ ಪ್ಯಾರಿಸ್ ಕೌಲಿನ ಮೂಲಕ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಬಂದವು. ಇದಕ್ಕಾಗಿ ಅಮೆರಿಕವು ಸ್ಪೇನಿಗೆ ಎರಡು ಕೋಟಿ ಡಾಲರು ಕೊಟ್ಟಿತು. ಅನಂತರ ಫಿಲಿಪಿನೊ ಜನರ ಪ್ರತಿರೋಧವನ್ನು ಯುದ್ಧದಿಂದ ಅಡಗಿಸಲಾಯಿತು. ೧೯೦೬ರಿಂದ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೂ, ಬಳಿಕ ಕ್ಯಾಲಿಫೋರ್ನಿಯದ ಹೊಲಗಳಿಗೂ ಅಲಾಸ್ಕದ ಮೀನಿನ ಕಾರ್ಖಾನೆಗಳಿಗೂ ಫಿಲಿಪಿನೊ ಕೂಲಿಗಳು ಹೋದರು. ಇವರಲ್ಲಿ ಬಹುಮಂದಿ ಅವಿವಾಹಿತ ತರುಣರು. ೧೯೩೦ರ ಜನಗಣತಿಯ ವೇಳೆಗೆ ಅಮೆರಿಕದ ಮುಖ್ಯ ಭೂಭಾಗದಲ್ಲಿ ಸುಮಾರು ೪೫ ಸಾವಿರ ಫಿಲಿಪಿನೊಗಳಿದ್ದರು. ಅವರಲ್ಲಿ ಸ್ತ್ರೀಯರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಮೆ. ೧೯೩೩ರಲ್ಲಿ ಕ್ಯಾಲಿಫೋರ್ನಿಯವು ಬಿಳಿಯ ಸ್ತ್ರೀಯರನ್ನು ಇವರು ಮದುವೆಯಾಗುವುದನ್ನು ನಿಷೇಧಿಸಿತು. ೧೯೩೪ರ ಟೈಡಿಂಗ್ಸ್-ಮಕ್‌ಡಫಿ ಶಾಸನವು ವರ್ಷಕ್ಕೆ ಐವತ್ತು ಮಂದಿಗಿಂತ ಹೆಚ್ಚು ಫಿಲಿಪಿನೊಗಳು ಬಾರದಂತೆ ಬಾಗಿಲನ್ನು ಹಾಕಿತು.

ಇದರಿಂದ ವಿದಿತವಾಗುವುದೇನೆಂದರೆ, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಫಿಲಿಪಿನೊ ಸಮಾಜವು ಬಹುಮಟ್ಟಿಗೆ ಗಂಡಸರ ಸಮಾಜವಾಗಿತ್ತು. ತಾಯಂದಿರು, ಅತ್ತೆಯರು, ನೆರೆಮನೆಯ ಹಿರಿಯ ಹೆಂಗಸರು ಇದ್ದ ಕಡೆ ದೇಹದ ವಿಚಾರಗಳು ಬಾಯಿಂದ ಬಾಯಿಗೆ ಹರಿದುಬರುತ್ತವೆ. ಅಂಥ ಹಿರಿಯರ ಸಾಲೇ ಇಲ್ಲಿ ಬೆಳೆಯಲಿಲ್ಲ. ಮುಂದೆ ಬಂದ ತರುಣಿಯರಿಗೆ ಹೊಸ ನಾಡಿನಲ್ಲಿ ಮಧ್ಯವಯಸ್ಸಿನ ಮಾದರಿಗಳು ಸ್ವಲ್ಪವೇ ಇದ್ದುವೆಂಬ ಸಂಗತಿಯು ನಮ್ಮ ವಿಷಯಕ್ಕೆ ಪೀಠಿಕೆಯಂತಿದೆ.

೧೯೪೬ರ ಲೂಸ್-ಸೆಲ್ಲರ್ ಶಾಸನವು ಫಿಲಿಪಿನೊಗಳಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ ನೂರು ಮಂದಿಯ ಪ್ರವೇಶವನ್ನೂ ಕೊಟ್ಟಿತು. ಇದೇ ಶಾಸನದಿಂದಲೇ ಭಾರತೀಯರಿಗೂ ಅಷ್ಟೇ ಹಕ್ಕು, ಅಷ್ಟೇ ಸಂಖ್ಯೆ ದೊರೆಯಿತೆಂಬುದು ನಮ್ಮ ಓದುಗರಿಗೆ ಗಮನಾರ್ಹ. ಎರಡು ಜನಾಂಗಗಳೂ ಅಮೆರಿಕದ ಎಣಿಕೆಯ ಪುಸ್ತಕದಲ್ಲಿ ಒಂದೇ ಪುಟದಿಂದ ಪ್ರಾರಂಭಿಸಿದುವೆಂದು ಹೇಳಬಹುದು.

೩

ಸ್ತ್ರೀಯರ ವಲಸೆಯ ಬೀಜವು ಮಾತ್ರ ಬೇರೆ ಕಡೆ ಬಿತ್ತಲ್ಪಟ್ಟಿತ್ತು. ೧೯೦೬ರಲ್ಲಿ ಇಲೊಯಿಲೊ ನಗರದ ಮಿಷನ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯೊಂದು ಆರಂಭವಾಯಿತು; ಮನಿಲಾದಲ್ಲಿಯೂ ಇತರ ಕಡೆಗಳಲ್ಲಿಯೂ ಅಂಥ ಶಾಲೆಗಳು ಬೇಗನೆ ಹುಟ್ಟಿಕೊಂಡುವು. ಪಾಠ ಇಂಗ್ಲಿಷಿನಲ್ಲಿ, ಪಠ್ಯಕ್ರಮ ಅಮೆರಿಕದ್ದು. ಈ ಶಿಕ್ಷಣವು ದ್ವೀಪಗಳ ಆರೋಗ್ಯಕ್ಕೆಂದು ಏರ್ಪಟ್ಟದ್ದಾದರೂ ಅದು ಅಮೆರಿಕದ ಆಸ್ಪತ್ರೆಗಳಿಗೆ ಒಗ್ಗುವ ಕೈಗಳನ್ನು ಸಿದ್ಧಪಡಿಸಿತೆಂಬುದನ್ನು ಕ್ಯಾಥರೀನ್ ಸೆನಿಸ ಚಾಯ್ ಅವರು ೨೦೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ೧೯೪೮ರಲ್ಲಿ ವಿನಿಮಯ ಸಂದರ್ಶಕರ ಯೋಜನೆ ಜಾರಿಗೆ ಬಂದಿತು. ೧೯೫೬ರಿಂದ ೧೯೬೯ರ ವರೆಗೆ ೧೧ ಸಾವಿರಕ್ಕೂ ಮೇಲ್ಪಟ್ಟು ಫಿಲಿಪಿನೊ ದಾದಿಯರು ಈ ಯೋಜನೆಯಲ್ಲಿ ಅಮೆರಿಕಕ್ಕೆ ಬಂದರು. ಹೆಸರಿಗೆ ಇದು ತರಬೇತು. ಅನೇಕ ಆಸ್ಪತ್ರೆಗಳಲ್ಲಿ ಇದು ಕಡಮೆ ವೇತನದ ಪೂರ್ಣ ದುಡಿಮೆಯಾಗಿತ್ತು.

೧೯೬೫ರ ವಲಸೆ ಶಾಸನವು ಜನಾಂಗವಾರು ಮಿತಿಗಳನ್ನು ತೆಗೆದುಹಾಕಿ ವೃತ್ತಿಶಿಕ್ಷಣವುಳ್ಳವರಿಗೂ ಪೌರರ ಬಂಧುಗಳಿಗೂ ಆದ್ಯತೆಯನ್ನು ಕೊಟ್ಟಿತು. ಇದರ ಪರಿಣಾಮವನ್ನು ಗಣತಿಯ ಅಂಕಿಗಳೇ ಹೇಳುತ್ತವೆ. ೧೯೬೦ರಲ್ಲಿ ಅಮೆರಿಕದ ಫಿಲಿಪಿನೊಗಳು ಸುಮಾರು ೧ ಲಕ್ಷ ೭೬ ಸಾವಿರ; ೧೯೮೦ರಲ್ಲಿ ಸುಮಾರು ೭ ಲಕ್ಷ ೭೪ ಸಾವಿರ; ೧೯೯೦ರಲ್ಲಿ ೧೪ ಲಕ್ಷಕ್ಕೂ ಮೇಲೆ. ಇದಲ್ಲದೆ ೧೯೪೭ರ ಸೈನಿಕ ನೆಲೆಗಳ ಒಪ್ಪಂದದಂತೆ ಅಮೆರಿಕದ ನೌಕಾದಳವು ಫಿಲಿಪಿನೊ ಗಂಡಸರನ್ನು ಸೇರಿಸಿಕೊಂಡಿತು. ೧೯೭೦ರ ದಶಕದ ಆರಂಭದವರೆಗೂ ಅವರಿಗೆ ಬಹುಮಟ್ಟಿಗೆ ಅಡಿಗೆ ಬಡಿಸುವ ಕೆಲಸಗಳೇ ದೊರೆಯುತ್ತಿದ್ದುವು. ಇವರ ಹೆಂಡಂದಿರು ಮಕ್ಕಳು ಸಾನ್ ಡಿಯೇಗೊದಂಥ ಬಂದರು ನಗರಗಳಲ್ಲಿ ನೆಲೆಸಿದರು. ಹೀಗೆ ದಾದಿಯರ ದಾರಿ, ಬಂಧುಗಳ ದಾರಿ, ನೌಕಾದಳದ ದಾರಿ ಎಂಬ ಮೂರು ದಾರಿಗಳಿಂದ ಸ್ತ್ರೀಯರು ಬಂದರು.

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡಬೇಕು. ಬರುವಾಗ ಈ ತರುಣಿಯರ ವಯಸ್ಸು ಇಪ್ಪತ್ತೈದರ ಆಸುಪಾಸು ಎಂದು ಇಟ್ಟುಕೊಂಡರೆ, ೧೯೬೫ರಿಂದ ೧೯೭೫ರ ವರೆಗೆ ಬಂದವರು ೧೯೮೫ರಿಂದ ೧೯೯೫ರ ವರೆಗಿನ ದಶಕದಲ್ಲಿ ನಲವತ್ತೈದನ್ನು ಮುಟ್ಟಿದರು. ಶಾಸನವೊಂದು ಒಂದೇ ವಯಸ್ಸಿನ ಸಹಸ್ರಾರು ಸ್ತ್ರೀಯರನ್ನು ಒಂದೇ ಕಾಲದಲ್ಲಿ ಕರೆತಂದಿತು. ಆದಕಾರಣ ಅವರ ಸಂಧಿಕಾಲವೂ ಒಂದೇ ಕಾಲದಲ್ಲಿ ಬಂದಿತು. ದೇಹಧರ್ಮಕ್ಕೂ ಶಾಸನಕ್ಕೂ ಇರುವ ಈ ಸಂಬಂಧವನ್ನು ನಾವು ಮರೆಯಲಾಗದು.

೪

ಇದೇ ದಶಕಗಳಲ್ಲಿ ಅಮೆರಿಕದ ವೈದ್ಯಶಾಸ್ತ್ರವು ಋತುಬಂಧವನ್ನು ಕುರಿತ ತನ್ನ ಮಾತನ್ನು ಮತ್ತೆ ಮತ್ತೆ ಬದಲಾಯಿಸುತ್ತಿತ್ತು. ಋತುಬಂಧಕ್ಕೆ ಫ್ರೆಂಚ್ ವೈದ್ಯ ಗಾರ್ದಾನ್ ಹೆಸರು ಕೊಟ್ಟದ್ದು ೧೮೧೬ರಲ್ಲಿ. ಅದನ್ನು ತಿದ್ದಿ ‘ಮೆನೋಪಾಸ್’ ಮಾಡಿದ್ದು ೧೮೨೧ರಲ್ಲಿ. ೧೯೪೨ರಲ್ಲಿ ಪ್ರೆಮರಿನ್ ಎಂಬ ಈಸ್ಟ್ರೋಜನ್ ಗುಳಿಗೆ ಅಮೆರಿಕದ ಮಾರುಕಟ್ಟೆಗೆ ಬಂದಿತು. ೧೯೫೩ರಲ್ಲಿ ಕಪ್ಪರ್‌ಮನ್ ಮೊದಲಾದವರು ಲಕ್ಷಣಗಳ ಪಟ್ಟಿಯೊಂದನ್ನು ರಚಿಸಿ ಪ್ರತಿಯೊಂದು ಲಕ್ಷಣಕ್ಕೂ ಅಂಕವನ್ನು ಗೊತ್ತುಮಾಡಿದರು. ೧೯೬೬ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯನು ಋತುಬಂಧವು ಕೊರತೆಯ ರೋಗವೆಂದೂ ಗುಳಿಗೆಯಿಂದ ಅದನ್ನು ನಿವಾರಿಸಬೇಕೆಂದೂ ಜನಪ್ರಿಯ ಪುಸ್ತಕವೊಂದರಲ್ಲಿ ಸಾರಿದನು. ೧೯೭೫ರಲ್ಲಿ ಈಸ್ಟ್ರೋಜನ್ ಮಾತ್ರವನ್ನೇ ಸೇವಿಸುವವರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರು ಹೆಚ್ಚೆಂಬ ಸಂಶೋಧನೆಗಳು ಪ್ರಕಟವಾದುವು. ೨೦೦೨ರ ಜುಲೈ ತಿಂಗಳಲ್ಲಿ ೧೬,೬೦೮ ಸ್ತ್ರೀಯರ ಮೇಲೆ ನಡೆಯುತ್ತಿದ್ದ ಮಿಶ್ರ ಔಷಧದ ಪರೀಕ್ಷೆಯನ್ನು, ಸ್ತನದ ಕ್ಯಾನ್ಸರು ಮೊದಲಾದ ಅಪಾಯಗಳು ಪ್ರಯೋಜನವನ್ನು ಮೀರಿದುವೆಂದು, ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಆ ಪರೀಕ್ಷೆಯಲ್ಲಿದ್ದವರು ಐವತ್ತರಿಂದ ಎಪ್ಪತ್ತೊಂಬತ್ತು ವರ್ಷದವರು. ಅನೇಕರಿಗೆ ಮುಟ್ಟು ನಿಂತು ಬಹುಕಾಲವಾಗಿತ್ತು. ಆದಕಾರಣ ಆ ಫಲಿತಾಂಶವನ್ನು ನಲವತ್ತು ಐವತ್ತರ ಆಸುಪಾಸಿನವರಿಗೆ ಹಾಗೆಯೇ ಅನ್ವಯಿಸಬಾರದೆಂಬ ವಿಮರ್ಶೆಯು ಅನಂತರ ಬಲಗೊಂಡಿತು.

ಫಿಲಿಪಿನೊ ದಾದಿಯರು ಈ ಏಳುಬೀಳುಗಳನ್ನು ಆಸ್ಪತ್ರೆಯ ಒಳಗಿನಿಂದಲೇ ಕಂಡರು. ಇಂಥ ಔಷಧಗಳನ್ನು ಬರೆದುಕೊಡುವ, ಹಂಚುವ, ಹಿಂತೆಗೆದುಕೊಳ್ಳುವ ಸಂಸ್ಥೆಗಳಲ್ಲಿಯೇ ಅವರು ದುಡಿದರು. ಇತರ ಸ್ತ್ರೀಯರ ಬೆವರನ್ನೂ ನಿದ್ರೆಯನ್ನೂ ರಕ್ತದ ಒತ್ತಡವನ್ನೂ ಗುರುತುಹಾಕುವುದು ಅವರ ಕೆಲಸ. ರಾತ್ರಿಯ ಪಾಳಿಯನ್ನು ಮುಗಿಸಿ ಹಗಲು ಮಲಗುವವಳಿಗೆ ನಿದ್ರಾಭಂಗವಾದರೆ ಅದನ್ನು ಪಾಳಿಯ ಫಲವೆಂದೇ ಆಕೆಯೂ ಇತರರೂ ಎಣಿಸುವುದು ಸಹಜ. ದೇಹದ ಒಂದು ಸ್ಥಿತ್ಯಂತರವು ದುಡಿಮೆಯ ಆಯಾಸದೊಳಗೆ ಹೀಗೆ ಕಾಣದೆಹೋಗಲು ಅವಕಾಶವಿತ್ತೆಂದು ನಾವು ಊಹಿಸಬಹುದು.

೫

ಈಗ ನಮ್ಮ ವಿಷಯದ ಕೇಂದ್ರಕ್ಕೆ ಬರೋಣ. ಸಂಧಿಕಾಲವನ್ನು ಕುರಿತು ಅಮೆರಿಕದಲ್ಲಿ ನಡೆದ ಅತ್ಯಂತ ಪ್ರಸಿದ್ಧವಾದ ಸಂಶೋಧನೆಯೆಂದರೆ ‘ರಾಷ್ಟ್ರದಾದ್ಯಂತದ ಸ್ತ್ರೀಯರ ಆರೋಗ್ಯದ ಅಧ್ಯಯನ’. ಇದನ್ನು ಸಂಕ್ಷೇಪವಾಗಿ ‘ಸ್ವಾನ್’ ಎನ್ನುತ್ತಾರೆ. ೧೯೯೬-೯೭ರಲ್ಲಿ ಏಳು ಕೇಂದ್ರಗಳಿಂದ ೩,೩೦೨ ಸ್ತ್ರೀಯರನ್ನು ಇದರಲ್ಲಿ ಸೇರಿಸಿಕೊಂಡರು. ಅವರ ವಯಸ್ಸು ೪೨ರಿಂದ ೫೨. ಹಿಂದಿನ ಸಂಶೋಧನೆಗಳು ಹೆಚ್ಚಾಗಿ ಬಿಳಿಯ ಸ್ತ್ರೀಯರನ್ನು ಕುರಿತವಾಗಿದ್ದುದರಿಂದ ಆ ದೋಷವನ್ನು ನೀಗುವ ಸಂಕಲ್ಪದಿಂದ ಐದು ಸಮುದಾಯಗಳನ್ನು ಆರಿಸಲಾಯಿತು: ಬಿಳಿಯರು, ಕರಿಯರು, ಸ್ಪ್ಯಾನಿಷ್ ಮೂಲದವರು, ಚೀನೀಯರು, ಜಪಾನೀಯರು. ಚೀನೀ ಸ್ತ್ರೀಯರನ್ನು ಓಕ್ಲೆಂಡ್ ಪ್ರದೇಶದಿಂದಲೂ ಜಪಾನೀ ಸ್ತ್ರೀಯರನ್ನು ಲಾಸ್ ಏಂಜಲಿಸ್‌ನಿಂದಲೂ ಆರಿಸಿದರು.

೧೯೯೦ರ ಜನಗಣತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ವರ್ಷ ಅಮೆರಿಕದ ಏಷ್ಯಾ ಮೂಲದವರಲ್ಲಿ ಚೀನೀಯರು ಸುಮಾರು ೧೬ ಲಕ್ಷ ೪೫ ಸಾವಿರ, ಫಿಲಿಪಿನೊಗಳು ಸುಮಾರು ೧೪ ಲಕ್ಷ, ಜಪಾನೀಯರು ಸುಮಾರು ೮ ಲಕ್ಷ ೪೭ ಸಾವಿರ. ಸಂಖ್ಯೆಯಲ್ಲಿ ಎರಡನೆಯವರಾದ ಫಿಲಿಪಿನೊಗಳು ಅಧ್ಯಯನದಲ್ಲಿ ಇರಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಕ್ಯಾಲಿಫೋರ್ನಿಯದಲ್ಲಿಯೇ ವಾಸಿಸುತ್ತಿದ್ದರು; ಮೇಲ್ಕಂಡ ಎರಡು ಕೇಂದ್ರಗಳೂ ಅದೇ ಸಂಸ್ಥಾನದಲ್ಲಿದ್ದುವು. ಇನ್ನೊಂದು ಲೆಕ್ಕವೂ ಇದೆ. ೧೯೯೬ರಲ್ಲಿ ೪೨ರಿಂದ ೫೨ ವರ್ಷದವರೆಂದರೆ ೧೯೪೪ರಿಂದ ೧೯೫೪ರ ವರೆಗೆ ಹುಟ್ಟಿದವರು; ಅವರು ಇಪ್ಪತ್ತೈದು ವರ್ಷದವರಾಗಿದ್ದುದು ೧೯೬೯ರಿಂದ ೧೯೭೯ರ ವರೆಗೆ. ಹೊಸ ಶಾಸನದ ಬಲದಿಂದ ಫಿಲಿಪಿನೊ ದಾದಿಯರು ಗುಂಪುಗುಂಪಾಗಿ ಬಂದ ಕಾಲವೇ ಅದು. ಅಧ್ಯಯನವು ಹುಡುಕುತ್ತಿದ್ದ ವಯಸ್ಸಿನವರು ಆ ಕೇಂದ್ರಗಳ ಸುತ್ತಮುತ್ತಲೇ ಇದ್ದರು.

ಸಂಶೋಧಕರಿಗೆ ನ್ಯಾಯವನ್ನು ಸಲ್ಲಿಸುವುದೂ ನಮ್ಮ ಕರ್ತವ್ಯ. ಪ್ರತಿಯೊಂದು ಸಮುದಾಯದಿಂದಲೂ ಲೆಕ್ಕಾಚಾರಕ್ಕೆ ಸಾಕಾಗುವಷ್ಟು ಮಂದಿ ಬೇಕು. ಎಲ್ಲ ಸಮುದಾಯಗಳನ್ನೂ ಒಂದೇ ಅಧ್ಯಯನದಲ್ಲಿ ಸೇರಿಸುವುದು ಸಾಧ್ಯವಿಲ್ಲ. ಜಪಾನಿನ ಸ್ತ್ರೀಯರನ್ನು ಕುರಿತು ಮಾರ್ಗರೆಟ್ ಲಾಕ್ ಅವರ ಪ್ರಸಿದ್ಧ ಗ್ರಂಥವು ೧೯೯೩ರಲ್ಲಿಯೇ ಪ್ರಕಟವಾಗಿ, ಬಿಸಿಯೇರುವ ದೂರು ಅಲ್ಲಿ ಕಡಮೆಯೆಂಬ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟಿತ್ತು. ಆದರೆ ಆಯ್ಕೆಯ ಕಾರಣಗಳು ಎಷ್ಟೇ ಸಕಾರಣವಾಗಿರಲಿ, ಅದರ ಪರಿಣಾಮಗಳು ಚರಿತ್ರೆಯ ವಿಚಾರಕ್ಕೆ ಒಳಪಡುತ್ತವೆ. ೨೦೧೫ರಲ್ಲಿ ಸ್ವಾನ್ ಅಧ್ಯಯನದಿಂದ ಬಿಸಿಯೇರಿಕೆ ಮತ್ತು ರಾತ್ರಿಯ ಬೆವರು ಎಷ್ಟು ಕಾಲ ಇರುತ್ತವೆಂಬ ಲೆಕ್ಕ ಹೊರಬಂದಿತು. ಇವು ಅಡಿಗಡಿಗೆ ಬರುವ ಸ್ತ್ರೀಯರಲ್ಲಿ ಒಟ್ಟಿನ ಮಧ್ಯಾಂಕ ೭.೪ ವರ್ಷ; ಕರಿಯರಲ್ಲಿ ೧೦.೧, ಸ್ಪ್ಯಾನಿಷ್ ಮೂಲದವರಲ್ಲಿ ೮.೯, ಬಿಳಿಯರಲ್ಲಿ ೬.೫, ಚೀನೀಯರಲ್ಲಿ ೫.೪, ಜಪಾನೀಯರಲ್ಲಿ ೪.೮. ಈ ಅಂಕಿಗಳು ಅಮೂಲ್ಯವಾದುವು. ಆದರೆ ೧೯೭೭ರಲ್ಲಿ ಅಮೆರಿಕದ ಸರ್ಕಾರವು ಅಂಕಿ ಅಂಶಗಳ ಅನುಕೂಲಕ್ಕಾಗಿ ‘ಏಷ್ಯಾದವರು ಅಥವಾ ಶಾಂತಸಾಗರದ ದ್ವೀಪವಾಸಿಗಳು’ ಎಂಬ ಒಂದೇ ವರ್ಗವನ್ನು ಮಾಡಿತ್ತು. ಅಂಥ ವರ್ಗ ರೂಢಿಯಲ್ಲಿರುವಾಗ ಚೀನೀ, ಜಪಾನೀ ಅಂಕಿಗಳು ‘ಏಷ್ಯಾದ ಸ್ತ್ರೀಯರಿಗೆ ತೊಂದರೆ ಕಡಮೆ’ ಎಂಬ ಸಾಮಾನ್ಯ ವಾಕ್ಯವಾಗುವುದು ಸುಲಭ. ಆ ವಾಕ್ಯವು ಎಣಿಕೆಗೆ ಬಾರದ ಫಿಲಿಪಿನಾಗೂ ಅನ್ವಯವಾಗಿಬಿಡುತ್ತದೆ. ಆ ಎಣಿಕೆಯಲ್ಲಿ ಭಾರತೀಯ ಸ್ತ್ರೀಯರೂ ಇರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇಂಥ ಸಾಮಾನ್ಯೀಕರಣಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ. ೧೯೭೫ರಲ್ಲಿ ಮಾರ್ಷ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ೪೮೩ ರಜಪೂತ ಸ್ತ್ರೀಯರನ್ನು ವಿಚಾರಿಸಿ, ಮುಟ್ಟು ನಿಂತ ಬಳಿಕ ಅವರಿಗೆ ಹೆಚ್ಚಿನ ಸ್ವಾತಂತ್ರ್ಯ ದೊರೆಯುವುದರಿಂದ ತೊಂದರೆಯ ದೂರು ಅತ್ಯಲ್ಪವೆಂದು ಬರೆದರು. ಋತುಬಂಧದ ಅನುಭವವು ಸ್ತ್ರೀಗೆ ಸಮಾಜವು ಕೊಡುವ ಸ್ಥಾನವನ್ನು ಅವಲಂಬಿಸಿದೆಯೆಂಬ ಮುಖ್ಯ ತತ್ತ್ವವನ್ನು ಆ ಬರಹವು ಎತ್ತಿತೋರಿಸಿತು. ಆದರೆ ಒಂದು ಕುಲದ, ಎರಡು ಪ್ರದೇಶಗಳ ಮಾತನ್ನು ಪೂರ್ವದೇಶದ ಸ್ತ್ರೀಯರೆಲ್ಲರ ಮಾತೆಂದು ತಿಳಿಯುವುದು ಎಷ್ಟು ಅನುಚಿತವೋ, ಜಪಾನೀ ಅಂಕಿಯಿಂದ ಫಿಲಿಪಿನೊ ದೇಹವನ್ನು ಅಳೆಯುವುದೂ ಅಷ್ಟೇ ಅನುಚಿತ.

೬

ಈ ಮೌನಕ್ಕೆ ಇನ್ನೊಂದು ವಿವರಣೆಯನ್ನು ಕೊಡುವುದುಂಟು. ಫಿಲಿಪಿನೊ ಸಂಸ್ಕೃತಿಯಲ್ಲಿ ‘ಹಿಯಾ’ ಎಂಬ ಭಾವವಿದೆ. ನಾಚಿಕೆ, ಸಂಕೋಚ, ಮರ್ಯಾದೆಯ ಪ್ರಜ್ಞೆ ಇವೆಲ್ಲ ಸೇರಿದ ಭಾವ ಅದು. ೧೯೬೪ರಲ್ಲಿ ಮನಶ್ಶಾಸ್ತ್ರಜ್ಞ ಹೈಮೆ ಬುಲತಾವ್ ಅವರು ಅದನ್ನು ಕುರಿತು ಬರೆದರು. ‘ತಿಯಿಸ್’ ಎಂಬ ಮಾತೂ ಇದೆ. ಅದರ ಅರ್ಥ ಸಹಿಸಿಕೊಳ್ಳುವುದು. ಇಂಥ ಗುಣಗಳಿಂದ ಈ ಸ್ತ್ರೀಯರು ತಮ್ಮ ದೇಹದ ವಿಚಾರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದಲೇ ದಾಖಲೆಯಿಲ್ಲ ಎಂಬುದು ಆ ವಿವರಣೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿಯೂ ‘ಮುಟ್ಟು ನಿಂತಿತು’ ಎಂಬ ಮಾತು ಗಂಡಸರ ಕಿವಿಗೆ ಬೀಳದಂತೆ ನಡೆಯುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ಈ ವಿವರಣೆ ಸಾಲದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಕೇಳಿದವರಿಗೆ ಉತ್ತರ ದೊರೆತಿದೆ. ೧೯೯೯ರಲ್ಲಿ ಜೂಡಿತ್ ಬರ್ಗ್ ಎಂಬ ದಾದಿ ವಿದ್ವಾಂಸೆ ೧೬೫ ಮಂದಿ ಫಿಲಿಪಿನೊ ಅಮೆರಿಕನ್ ಮಧ್ಯವಯಸ್ಕ ಸ್ತ್ರೀಯರನ್ನು ಸಂಧಿಕಾಲದ ವಿಷಯವಾಗಿ ವಿಚಾರಿಸಿ, ದಾದಿಶಾಸ್ತ್ರದ ಮತ್ತು ಋತುಬಂಧಶಾಸ್ತ್ರದ ಪತ್ರಿಕೆಗಳಲ್ಲಿ ಬರೆದರು. ಡಯಾನ ಟೇಲರ್ ಎಂಬವರು ಕೆಲವು ಲೇಖನಗಳಲ್ಲಿ ಅವರ ಸಹಲೇಖಕಿ. ದೇಹದ ಲಕ್ಷಣಗಳನ್ನು ಮಾತ್ರವಲ್ಲದೆ ಮನಸ್ಸನ್ನೂ ಸಮಾಜವನ್ನೂ ಸಂಸ್ಕೃತಿಯನ್ನೂ ಒಟ್ಟಿಗೆ ಪರಿಗಣಿಸಿದ್ದು ಆ ಸಂಶೋಧನೆಯ ವಿಶೇಷ. ನೂರಾರವತ್ತೈದು ಮಂದಿ ತಮ್ಮ ದೇಹಸ್ಥಿತಿಯನ್ನು ಹೇಳಿಕೊಂಡರು. ಅದಕ್ಕೂ ಮುಂಚೆ, ೧೯೯೪ರಲ್ಲಿ ಪ್ರಕಟವಾದ, ಆಗ್ನೇಯ ಏಷ್ಯಾದ ಹೆಸರಿನ ಏಳು ದೇಶಗಳ ಸಂಶೋಧನೆಯೊಂದರಲ್ಲಿ ಫಿಲಿಪೈನ್ಸಿನ ಸ್ತ್ರೀಯರೂ ಉತ್ತರ ಕೊಟ್ಟಿದ್ದರು. ಈ ಭಾಗದ ಸ್ತ್ರೀಯರಿಗೆ ಸಂಧಿಕಾಲದ ತೊಂದರೆಗಳು ಇಲ್ಲವೆಂಬ ನಂಬಿಕೆಯನ್ನು ಆ ಸಂಶೋಧನೆಯು ಸಡಿಲಿಸಿತು. ಹೀಗಿರಲು ನಾಚಿಕೆಯೇ ಮೌನಕ್ಕೆ ಪೂರ್ಣ ಕಾರಣವಾಗಲಾರದು.

ಎರಡನೆಯದು, ಪ್ರಶ್ನೆಯ ಭಾಷೆ. ಕಪ್ಪರ್‌ಮನ್ ಪಟ್ಟಿಯಂಥವು ಅಮೆರಿಕದ ಚಿಕಿತ್ಸಾಲಯಗಳಿಗೆ ಬಂದ ರೋಗಿಗಳ ದೂರುಗಳಿಂದ ಹುಟ್ಟಿದವು. ಫಿಲಿಪಿನೊ ಜನರ ವೈದ್ಯಕಲ್ಪನೆಯಲ್ಲಿ ‘ಇನಿತ್’ ಎಂದರೆ ಉಷ್ಣ, ‘ಲಮಿಗ್’ ಎಂದರೆ ಶೀತ. ದೇಹವು ದುಡಿದು ಕಾದಿರುವಾಗ ತಣ್ಣೀರು ತಾಗಿದರೆ ‘ಪಸ್ಮಾ’ ಉಂಟಾಗುತ್ತದೆಂದು ಅವರು ನಂಬುತ್ತಾರೆ. ಕೈ ನಡುಗುವುದು, ಅಂಗೈ ಬೆವರುವುದು, ಜೋಮು ಹಿಡಿಯುವುದು, ನರ ಕೀಲುಗಳ ನೋವು ಇವು ಅದರ ಲಕ್ಷಣಗಳು. ಮೈಕೇಲ್ ಟಾನ್ ಅವರ ೨೦೦೮ರ ಗ್ರಂಥವು ಇಂಥ ಕಲ್ಪನೆಗಳನ್ನು ವಿವೇಚಿಸುತ್ತದೆ. ಉಷ್ಣ ಶೀತಗಳ ಲೆಕ್ಕದಲ್ಲಿಯೇ ದೇಹವನ್ನು ಮಾತನಾಡುವ ನಮ್ಮ ಜನರಿಗೆ ಇದು ಅಪರಿಚಿತವಲ್ಲ. ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಕೈ ತೊಳೆದ ಮೇಲೆ ಮೈ ಬೆವರಿ ಕೈ ನಡುಗಿತೆಂದು ಹೇಳುವ ನಲವತ್ತೆಂಟು ವರ್ಷದ ಸ್ತ್ರೀಯು ತನ್ನ ದೇಹದ ವಿಷಯವನ್ನು ಮುಚ್ಚಿಟ್ಟಿಲ್ಲ. ಆಕೆಯ ಮಾತಿಗೆ ಪಟ್ಟಿಯಲ್ಲಿ ಸ್ಥಾನವಿಲ್ಲ, ಅಷ್ಟೆ. ಜಪಾನೀ ಸ್ತ್ರೀಯರ ಮುಖ್ಯ ದೂರು ಭುಜದ ಬಿಗಿತವೆಂಬುದು ಲಾಕ್ ಅವರು ಅವರ ಮಾತಿನಲ್ಲಿಯೇ ಕೇಳಿದ್ದರಿಂದ ಹೊರಬಿದ್ದಿತು. ಪಸ್ಮಾ ಎಂದರೆ ಸಂಧಿಕಾಲವೇ ಎಂದು ನಾವು ಸಮೀಕರಿಸುವುದಿಲ್ಲ. ಗಂಡಸರಿಗೂ ತರುಣರಿಗೂ ಅದು ಆಗುತ್ತದೆಂಬ ನಂಬಿಕೆಯಿದೆ. ಮಧ್ಯವಯಸ್ಸಿನ ಬೆವರು ನೋವುಗಳನ್ನು ಆ ಹೆಸರಿನಲ್ಲಿ ಹೇಳುವ ಅವಕಾಶವುಂಟೆಂಬುದಷ್ಟೇ ನಮ್ಮ ವಾದ.

೭

ಎಣಿಕೆಯಿಂದ ಹೊರಗುಳಿದರೆ ನಷ್ಟವೇನು ಎಂದು ಕೇಳಬಹುದು. ಇದಕ್ಕೆ ಸಾನ್ ಡಿಯೇಗೊದ ಒಂದು ಸಂಶೋಧನೆ ಉತ್ತರ ಕೊಡುತ್ತದೆ. ನೌಕಾದಳದ ದಾರಿಯಿಂದ ಅಲ್ಲಿ ನೆಲೆಸಿದ ಫಿಲಿಪಿನೊ ಸಮಾಜವನ್ನು ನಾವು ಮೇಲೆ ನೋಡಿದೆವು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಮರಿಯ ರೊಸಾರಿಯೊ ಅರನೇತ ಮೊದಲಾದವರು ಆ ನಗರದ ಐವತ್ತು ವರ್ಷಕ್ಕೆ ಮೇಲ್ಪಟ್ಟ ಫಿಲಿಪಿನೊ ಸ್ತ್ರೀಯರನ್ನು ಪರೀಕ್ಷಿಸಿ, ಅದೇ ಪ್ರದೇಶದ ಬಿಳಿಯ ಸ್ತ್ರೀಯರೊಡನೆ ಹೋಲಿಸಿದರು. ೨೦೦೨ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಧುಮೇಹವು ಫಿಲಿಪಿನೊ ಸ್ತ್ರೀಯರಲ್ಲಿ ನೂರಕ್ಕೆ ೩೬, ಬಿಳಿಯರಲ್ಲಿ ನೂರಕ್ಕೆ ೯. ಈ ಫಿಲಿಪಿನೊ ಸ್ತ್ರೀಯರಲ್ಲಿ ಬಹುಮಂದಿ ಸ್ಥೂಲಕಾಯರಲ್ಲ. ನೋಡುವುದಕ್ಕೆ ತೆಳ್ಳಗೆ, ಲವಲವಿಕೆಯಿಂದ ಇದ್ದವರ ರಕ್ತದಲ್ಲಿ ರೋಗವು ಅಡಗಿತ್ತು.

ಇದನ್ನು ಸ್ವಾನ್ ಅಧ್ಯಯನದ ಇನ್ನೊಂದು ಫಲಿತಾಂಶದೊಡನೆ ಸೇರಿಸಿ ಓದಬೇಕು. ಕೊನೆಯ ಮುಟ್ಟಿನ ಆಸುಪಾಸಿನ ಒಂದು ವರ್ಷದಲ್ಲಿ ರಕ್ತದ ಕೊಲೆಸ್ಟರಾಲು ವಿಶೇಷವಾಗಿ ಏರುತ್ತದೆಂದು ೨೦೦೯ರಲ್ಲಿ ಪ್ರಕಟವಾಯಿತು. ಅಂದಮೇಲೆ ಸಂಧಿಕಾಲವು ಹೃದಯದ ಆರೋಗ್ಯವನ್ನು ವಿಚಾರಿಸಲು ತಕ್ಕ ಕಾಲ. ಮಧುಮೇಹಕ್ಕೆ ಹೆಚ್ಚಾಗಿ ಒಳಗಾಗುವ ಸಮುದಾಯಕ್ಕೆ ಆ ವಿಚಾರಣೆಯು ಇನ್ನೂ ಹೆಚ್ಚು ಅವಶ್ಯಕ. ಆದರೆ ‘ಏಷ್ಯಾದ ಸ್ತ್ರೀಯರಿಗೆ ತೊಂದರೆ ಕಡಮೆ’ ಎಂಬ ಸರಾಸರಿಯನ್ನು ನಂಬಿದ ವೈದ್ಯನು ತನ್ನ ಮುಂದೆ ಕುಳಿತ ಫಿಲಿಪಿನಾಳ ಮುಟ್ಟಿನ ಏರುಪೇರನ್ನೂ ವಿಚಾರಿಸದೆ, ಆಕೆಯ ರಕ್ತದ ಸಕ್ಕರೆಯನ್ನೂ ನೋಡದೆ ಕಳುಹಿಸಿಬಿಡುವ ಸಂಭವವಿದೆ. ಅಂಕಿಯ ಲೋಪವು ಹೀಗೆ ಆರೋಗ್ಯದ ಲೋಪವಾಗುತ್ತದೆ.

ಈ ಸಮುದಾಯವನ್ನು ಪ್ರತ್ಯೇಕವಾಗಿ ಎಣಿಸಿದಾಗ ಏನು ಕಾಣುತ್ತದೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವಿದೆ. ೨೦೨೦ರ ಸೆಪ್ಟೆಂಬರಿನಲ್ಲಿ ಅಮೆರಿಕದ ದಾದಿಯರ ಒಂದು ದೊಡ್ಡ ಸಂಘವು ಕೋವಿಡ್ ರೋಗದಿಂದ ಸತ್ತ ದಾದಿಯರ ಲೆಕ್ಕವನ್ನು ಪ್ರಕಟಿಸಿತು. ದೇಶದ ದಾದಿಯರಲ್ಲಿ ಫಿಲಿಪಿನೊಗಳು ನೂರಕ್ಕೆ ನಾಲ್ವರು. ಸತ್ತವರಲ್ಲಿ ಅವರ ಪಾಲು ನೂರಕ್ಕೆ ೩೧ಕ್ಕೂ ಮೇಲೆ. ಪ್ರತ್ಯೇಕವಾಗಿ ಎಣಿಸದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

೮

ಇಷ್ಟರಿಂದ ನಾವು ಕಂಡುಕೊಳ್ಳುವ ನಿರ್ಣಯಗಳನ್ನು ಸಂಗ್ರಹವಾಗಿ ಹೇಳಬಹುದು. ಅಮೆರಿಕದ ಫಿಲಿಪಿನೊ ಸ್ತ್ರೀಯರ ಸಂಧಿಕಾಲವನ್ನು ಕುರಿತ ದಾಖಲೆಯ ಬಡತನವು ಅವರ ಸ್ವಭಾವದಿಂದ ಹುಟ್ಟಿದ್ದಲ್ಲ. ೧೯೩೪ರ ಶಾಸನವು ಹಿರಿಯ ಸ್ತ್ರೀಯರ ಸಾಲು ಬೆಳೆಯದಂತೆ ಮಾಡಿತು. ೧೯೪೮ರ ಯೋಜನೆಯೂ ೧೯೬೫ರ ಶಾಸನವೂ ಅವರನ್ನು ತರುಣ ದುಡಿಮೆಗಾರ್ತಿಯರನ್ನಾಗಿ ಬರಮಾಡಿಕೊಂಡುವು. ಅವರಿಗೂ ವಯಸ್ಸಾಗುವುದೆಂಬುದನ್ನು ಯಾವ ಶಾಸನವೂ ಎಣಿಸಲಿಲ್ಲ. ೧೯೭೭ರ ವರ್ಗೀಕರಣವು ಅವರ ಹೆಸರನ್ನು ದೊಡ್ಡ ಹೆಸರೊಂದರಲ್ಲಿ ಕರಗಿಸಿತು. ೧೯೯೬ರ ಅಧ್ಯಯನವು ಅವರ ವಯಸ್ಸಿನವರನ್ನೇ, ಅವರ ಊರುಗಳಲ್ಲಿಯೇ ಹುಡುಕುತ್ತ ಅವರನ್ನು ಬಿಟ್ಟು ಮುಂದುವರಿಯಿತು. ಈ ನಾಲ್ಕೂ ಮನುಷ್ಯರು ಮಾಡಿದ ನಿರ್ಧಾರಗಳು. ಆದ್ದರಿಂದ ಮನುಷ್ಯರು ತಿದ್ದಬಹುದಾದವು.

೨೦೨೦ರ ಜನಗಣತಿಯಂತೆ ಪೂರ್ಣವಾಗಿಯೋ ಭಾಗಶಃವೋ ಫಿಲಿಪಿನೊ ಮೂಲದವರೆಂದು ಹೇಳಿಕೊಂಡವರು ಅಮೆರಿಕದಲ್ಲಿ ಸುಮಾರು ೪೪ ಲಕ್ಷ. ೧೯೭೦ರ ದಶಕದಲ್ಲಿ ಬಂದ ದಾದಿಯರು ಈಗ ಎಪ್ಪತ್ತನ್ನು ದಾಟಿದ್ದಾರೆ. ಅವರ ಹೆಣ್ಣುಮಕ್ಕಳು ಸಂಧಿಕಾಲದಲ್ಲಿದ್ದಾರೆ. ತಾಯಂದಿರ ಮಾತನ್ನು ಅವರ ಮಾತಿನಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲವು ಹೆಚ್ಚಲ್ಲ. ಸಿಯಾಟಲ್ ನಗರದಲ್ಲಿ ೧೯೮೨ರಲ್ಲಿ ಸ್ಥಾಪಿತವಾದ ಫಿಲಿಪಿನೊ ಅಮೆರಿಕನ್ ರಾಷ್ಟ್ರೀಯ ಇತಿಹಾಸ ಸಂಘದಂಥ ಸಂಸ್ಥೆಗಳು ಹಿರಿಯರ ನೆನಪುಗಳನ್ನು ಸಂಗ್ರಹಿಸುವ ಮಾರ್ಗವನ್ನು ತೋರಿಸಿವೆ. ಅಂಥ ಸಂದರ್ಶನಗಳಲ್ಲಿ ಯಾವ ಹಡಗಿನಲ್ಲಿ ಬಂದಿರಿ, ಯಾವ ಆಸ್ಪತ್ರೆಯಲ್ಲಿ ದುಡಿದಿರಿ ಎಂಬ ಪ್ರಶ್ನೆಗಳ ಜೊತೆಗೆ, ನಲವತ್ತೈದರ ವಯಸ್ಸಿನಲ್ಲಿ ನಿಮ್ಮ ದೇಹ ಹೇಗಿತ್ತು, ಯಾರೊಡನೆ ಹೇಳಿಕೊಂಡಿರಿ, ರಾತ್ರಿಯ ಪಾಳಿಯಲ್ಲಿ ಏನು ಮಾಡಿದಿರಿ ಎಂಬ ಪ್ರಶ್ನೆಗಳನ್ನೂ ಸೇರಿಸುವುದು ಚರಿತ್ರೆಕಾರರ ಕೆಲಸ. ಕನ್ನಡ ನಾಡಿನಿಂದ ಹೊರದೇಶಗಳಿಗೆ ದುಡಿಯಲು ಹೋದ ಸ್ತ್ರೀಯರ ಚರಿತ್ರೆಯನ್ನು ಬರೆಯಬೇಕಾದ ನಮ್ಮ ವಿದ್ಯಾರ್ಥಿಗಳೂ ಇದೇ ಪ್ರಶ್ನೆಗಳನ್ನು ತಮ್ಮ ಪ್ರಶ್ನಾವಳಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.